ಲಾರ್ಡ್ಸ್ 1992: ಊಟದ ಹೊತ್ತಿಗೆ ಬದಲಾದ ಚೆಂಡು

1992ರ ಆಗಸ್ಟ್ 23, ಭಾನುವಾರ. ಲಾರ್ಡ್ಸ್ ಮೈದಾನದಲ್ಲಿ ಇಂಗ್ಲೆಂಡ್ ಮತ್ತು ಪಾಕಿಸ್ತಾನದ ನಡುವೆ ನಾಲ್ಕನೇ ಒಂದು ದಿನದ ಪಂದ್ಯ. ಒಂದು ದಿನದ್ದು ಅನ್ನೋದು ಹೆಸರಿಗಷ್ಟೇ. ಹಿಂದಿನ ದಿನ ಮಳೆ ಬಂದು ಆಟ ಭಾನುವಾರಕ್ಕೂ ಉಳಿದಿತ್ತು. ಇಂಗ್ಲೆಂಡ್ ರನ್ ಬೆನ್ನಟ್ಟುತ್ತಿತ್ತು. ಊಟಕ್ಕೆ ಬ್ರೇಕ್ ಆಯಿತು. ಅಂಪೈರುಗಳಾದ ಕೆನ್ ಪಾಮರ್ ಮತ್ತು ಜಾನ್ ಹ್ಯಾಂಪ್‌ಶೈರ್ ಚೆಂಡಿನ ಬಗ್ಗೆ ಮೂರನೇ ಅಂಪೈರ್ ಡಾನ್ ಆಸ್ಲಿಯರ್ ಮತ್ತು ಮ್ಯಾಚ್ ರೆಫ್ರಿ ಡೆರಿಕ್ ಮರ್ರೆ ಜೊತೆ ಮಾತಾಡಿದರು. ಊಟ ಮುಗಿದು ಆಟ ಶುರುವಾದಾಗ ಪಾಕಿಸ್ತಾನದ ಬೌಲರುಗಳ ಕೈಗೆ ಸಿಕ್ಕಿದ್ದು ಬೇರೆ ಚೆಂಡು.

ಮೈದಾನದಲ್ಲಿ ನಡೆದಿದ್ದು ಇಷ್ಟೇ. ಬೇರೆ ಚೆಂಡಿನಲ್ಲೇ ಹಾಕಿ ಪಾಕಿಸ್ತಾನ 3 ರನ್‌ನಿಂದ ಪಂದ್ಯ ಗೆದ್ದಿತು.

ಚೆಂಡು ಬದಲಾಗೋದು ಕ್ರಿಕೆಟ್ಟಿನಲ್ಲಿ ದೊಡ್ಡ ಸುದ್ದಿ ಏನಲ್ಲ. ದಾರ ಬಿಚ್ಚುತ್ತೆ, ಆಕಾರ ಕೆಡುತ್ತೆ, ಬದಲಾಯಿಸುತ್ತಾರೆ. ಅದಕ್ಕೆ ಆಗ ಇದ್ದದ್ದು 5ನೇ ನಿಯಮ. ಯಾರೋ ಬೇಕಂತಲೇ ಚೆಂಡನ್ನು ಕೆರೆದಿದ್ದಾರೆ ಅಂತ ಅಂಪೈರಿಗೆ ಅನ್ನಿಸಿದರೂ ಬದಲಾಯಿಸಬಹುದಿತ್ತು. ಅದು 42ನೇ ನಿಯಮದ 5ನೇ ಕಲಂ. ಎರಡರಲ್ಲೂ ಕಣ್ಣಿಗೆ ಕಾಣೋದು ಒಂದೇ: ಹಳೇ ಚೆಂಡು ಒಳಗೆ, ಬೇರೆ ಚೆಂಡು ಹೊರಗೆ. ಆದರೆ ಮೊದಲನೆಯದರಲ್ಲಿ ಕೆಟ್ಟಿರೋದು ಚೆಂಡು, ಎರಡನೆಯದರಲ್ಲಿ ಕೆಟ್ಟದ್ದು ಮಾಡಿರೋದು ಮನುಷ್ಯ.

ಆ ದಿನ ಯಾವ ನಿಯಮ ಬಳಸಿದರು ಅನ್ನೋದನ್ನು ಅಂತರರಾಷ್ಟ್ರೀಯ ಕ್ರಿಕೆಟ್ ಮಂಡಳಿ ಐಸಿಸಿ ಹೇಳಲಿಲ್ಲ. ಆಕಾರ ಕೆಟ್ಟಿತ್ತು, ಅದಕ್ಕೇ ಬದಲಾಯಿಸಿದರು ಅಂತ ಪಾಕಿಸ್ತಾನದ ಮ್ಯಾನೇಜರ್ ಇಂತಿಖಾಬ್ ಆಲಂ ಹೇಳಿದರು. ಇಂಗ್ಲೆಂಡಿನ ಪತ್ರಿಕೆಗಳು ಬೇರೆಯೇ ಬರೆದವು. ಒಬ್ಬ ಆಟಗಾರನ ಮೇಲೂ ಆರೋಪ ಹೊರಿಸಲಿಲ್ಲ, ಇಡೀ ತಂಡದ ಮೇಲಿನ ಅನುಮಾನವೂ ಹೋಗಲಿಲ್ಲ. ಹಳೇ ಚೆಂಡನ್ನು ಗಾಳಿಯಲ್ಲಿ ಉಲ್ಟಾ ತಿರುಗಿಸುವ ರಿವರ್ಸ್ ಸ್ವಿಂಗ್ ಅನ್ನೋ ಹೊಸ ವಿದ್ಯೆಗೆ ಅಂಟಿದ ಕಳ್ಳಾಟದ ವಾಸನೆ ಹತ್ತಾರು ವರ್ಷ ಹೋಗದೇ ಇದ್ದದ್ದು ಚೆಂಡು ಕೆರೆದಿದ್ದಕ್ಕಿಂತ ಜಾಸ್ತಿ ಆ ಮೌನದಿಂದ ಅನ್ನೋದು ನನ್ನ ಲೆಕ್ಕ.

ಅನುಮಾನ ಆ ಮಧ್ಯಾಹ್ನ ಹುಟ್ಟಿದ್ದಲ್ಲ. ಅದೇ ವರ್ಷ ಮಾರ್ಚ್ 25ಕ್ಕೆ ಮೆಲ್ಬರ್ನ್‌ನ ವಿಶ್ವಕಪ್ ಫೈನಲ್‌ನಲ್ಲಿ ಪಾಕಿಸ್ತಾನದ ವಾಸಿಂ ಅಕ್ರಂ ಒಂದರ ಹಿಂದೆ ಒಂದು ಚೆಂಡಿನಲ್ಲಿ ಇಂಗ್ಲೆಂಡಿನ ಅಲನ್ ಲ್ಯಾಂಬ್ ಮತ್ತು ಕ್ರಿಸ್ ಲೂಯಿಸ್ ಇಬ್ಬರ ಸ್ಟಂಪ್ ಕೆಡವಿದ್ದರು. ಮೊದಲನೆಯದು ಹೊರಕ್ಕೆ ಹೋಯಿತು, ಎರಡನೆಯದು ಒಳಕ್ಕೆ ನುಗ್ಗಿತು. ಅದೇ ಲ್ಯಾಂಬ್ ಈ ಕಥೆಯಲ್ಲಿ ಮತ್ತೆ ಬರುತ್ತಾರೆ.

ಆಮೇಲೆ ಬೇಸಿಗೆಯ ಟೆಸ್ಟ್ ಸರಣಿ. ಲೀಡ್ಸ್‌ನ ಹೆಡಿಂಗ್ಲಿಯಲ್ಲಿ 1 ವಿಕೆಟ್‌ಗೆ 270 ಇದ್ದ ಇಂಗ್ಲೆಂಡ್ 320ಕ್ಕೆ ಆಲೌಟ್. ಓವಲ್‌ನಲ್ಲಿ 3ಕ್ಕೆ 182 ಇದ್ದದ್ದು 207ಕ್ಕೆ ಆಲೌಟ್. ಆ ಇನಿಂಗ್ಸ್‌ನಲ್ಲಿ ವಾಸಿಂಗೆ 6 ವಿಕೆಟ್. ಸರಣಿ ಪೂರ್ತಿ ಲೆಕ್ಕ ಹಾಕಿದರೆ ವಕಾರ್ ಯೂನಿಸ್‌ಗೆ 22, ವಾಸಿಂಗೆ 21. ಪಾಕಿಸ್ತಾನ 2–1ರಿಂದ ಗೆದ್ದಿತು.

ಈ ಕುಸಿತಗಳಲ್ಲಿ ಇಂಗ್ಲೆಂಡಿನವರ ತಲೆ ಕೆಡಿಸಿದ್ದು ಸಂಖ್ಯೆ ಅಲ್ಲ, ಹೊತ್ತು. ಕ್ರಿಕೆಟ್ ಆಡಿದವರಿಗೆಲ್ಲ ಗೊತ್ತಿರೋ ಪಾಠ ಒಂದಿದೆ: ಹೊಸ ಚೆಂಡು ಇರೋವರೆಗೆ ಹುಷಾರಾಗಿರು, ಹಳೇದಾದ ಮೇಲೆ ಹೊಡಿ. ಐವತ್ತು ಓವರ್ ಆದ ಚೆಂಡು ಬ್ಯಾಟ್ಸ್‌ಮನ್ನಿನ ಗೆಳೆಯ. ಇಲ್ಲಿ ನೋಡಿದರೆ ಚೆಂಡು ಹಳೇದಾದಷ್ಟೂ ವಿಕೆಟ್ ಬೀಳುತ್ತಿದ್ದವು. ಶತಮಾನದಿಂದ ನಂಬಿದ ಪಾಠ ಒಂದು ಬೇಸಿಗೆಯಲ್ಲಿ ತಲೆಕೆಳಗಾದರೆ ಮನುಷ್ಯನಿಗೆ ಮೊದಲು ಏನನ್ನಿಸುತ್ತೆ? ಏನೋ ಮೋಸ ಇದೆ ಅಂತ.

ನಮ್ಮ ಬೀದಿಯ ಕ್ರಿಕೆಟ್ಟಿನಲ್ಲೂ ಇದೇ ನಡೀತಿತ್ತು. ಟೆನಿಸ್ ಬಾಲಿನ ಅರ್ಧಕ್ಕೆ ಮಾತ್ರ ಕರೆಂಟ್ ಟೇಪ್ ಸುತ್ತುತ್ತಿದ್ದೆವು. ಒಂದು ಕಡೆ ನುಣುಪು, ಇನ್ನೊಂದು ಕಡೆ ಜುಂಗು. ಅದು ಗಾಳಿಯಲ್ಲಿ ಹೇಗೆ ತಿರುಗುತ್ತಿತ್ತು ಅಂದರೆ ಹಾಕಿದವನಿಗೇ ಗಾಬರಿ. ವಿಜ್ಞಾನ ಯಾರಿಗೂ ಗೊತ್ತಿರಲಿಲ್ಲ. ಬೌಲ್ಡ್ ಆದವನು ಬ್ಯಾಟ್ ಕೆಳಗಿಟ್ಟು ನೇರವಾಗಿ ಬೌಲರ್ ಹತ್ತಿರ ಬಂದು ಒಂದೇ ಮಾತು ಹೇಳುತ್ತಿದ್ದ: "ಬಾಲ್ ತೋರ್ಸೋ." ತೋರಿಸಿದರೆ ಜಗಳ ಅಲ್ಲಿಗೆ ಮುಗೀತಿತ್ತು. ತೋರಿಸದೆ ಜೇಬಿಗೆ ಹಾಕಿಕೊಂಡರೆ ಆವತ್ತಿನ ಆಟ ಅಲ್ಲಿಗೇ ಬಂದ್.

ಇನ್ನು ಚರ್ಮದ ಚೆಂಡು. ಕೈಯಲ್ಲಿ ಹಿಡಿದು ನೋಡಿ. ನಡುವೆ ಉಬ್ಬಿದ ಹೊಲಿಗೆ, ಆರು ಸಾಲು ದಾರ. ಹೊಸದರಲ್ಲಿ ಎರಡೂ ಕಡೆ ಫಳಫಳ. ಬೌಲರ್ ಹೊಲಿಗೆಯನ್ನು ಕೀಪರ್ ಪಕ್ಕದ ಸ್ಲಿಪ್ ಕಡೆಗೆ ಓರೆ ಮಾಡಿ ಹಾಕಿದ ಅಂದುಕೊಳ್ಳಿ. ಚೆಂಡಿನ ಮೈಗೆ ಅಂಟಿ ಸಾಗುವ ಗಾಳಿಯ ತೆಳು ಪದರ ಒಂದಿರುತ್ತೆ. ಹೊಲಿಗೆ ಇರುವ ಕಡೆ ಅದು ಹೊಲಿಗೆಗೆ ತಾಗಿ ಕಲಕಿಹೋಗುತ್ತೆ. ಕಲಕಿದ ಪದರ ಚೆಂಡನ್ನು ಜಾಸ್ತಿ ಹೊತ್ತು ಹಿಡಿದುಕೊಳ್ಳುತ್ತೆ, ಇನ್ನೊಂದು ಕಡೆಯ ನಯವಾದ ಪದರ ಬೇಗ ಬಿಟ್ಟುಬಿಡುತ್ತೆ. ಚೆಂಡು ಹೊಲಿಗೆ ತೋರಿಸಿದ ಕಡೆಗೇ ವಾಲುತ್ತೆ. ಇದು ಎಲ್ಲರಿಗೂ ಗೊತ್ತಿದ್ದ ಸ್ವಿಂಗ್.

ಚೆಂಡು ಹಳೇದಾಗಿ, ಒಂದು ಕಡೆ ಚೆನ್ನಾಗಿ ಒರಟಾಗಿ, ಬೌಲರ್ ಕೂಡ ಜೋರಾಗಿ ಹಾಕುವವನಾಗಿದ್ದರೆ ಕಥೆ ಬೇರೆ. ಆಗ ಹೊಲಿಗೆ ಮುಟ್ಟುವ ಮೊದಲೇ ಗಾಳಿ ಎರಡೂ ಕಡೆ ಕಲಕಿರುತ್ತೆ. ಹೊಲಿಗೆ ಈಗ ಸಹಾಯ ಮಾಡಲ್ಲ, ಅಡ್ಡ ಬರುತ್ತೆ. ಅದನ್ನು ಹತ್ತಿ ಇಳಿಯುವಾಗ ಆ ಕಡೆಯ ಪದರ ದಪ್ಪಗಾಗಿ, ಸೋತು, ಬೇಗ ಕಳಚಿಕೊಳ್ಳುತ್ತೆ. ಚೆಂಡು ಹೊಲಿಗೆಗೆ ಉಲ್ಟಾ ಕಡೆ ಹೋಗುತ್ತೆ. ಇದೇ ರಿವರ್ಸ್ ಸ್ವಿಂಗ್. ಬ್ಯಾಟ್ಸ್‌ಮನ್ ಹೊಳಪು ಯಾವ ಕಡೆ ಇದೆ ಅಂತ ನೋಡಿಕೊಂಡು ಹೊರಕ್ಕೆ ಹೋಗುತ್ತೆ ಅಂತ ಕಾಯುತ್ತಾನೆ, ಅದು ಕಾಲಿನ ಬುಡಕ್ಕೆ ಬಂದು ಬೀಳುತ್ತೆ. ಅದೂ ಕೊನೇ ಗಳಿಗೆಯಲ್ಲಿ.

ಈ ಗಾಳಿಯ ಲೆಕ್ಕವನ್ನು ಗಾಳಿ ಸುರಂಗದಲ್ಲಿಟ್ಟು ಬಿಡಿಸಿದವರಲ್ಲಿ ಮುಖ್ಯರು ರವೀಂದ್ರ ಮೆಹ್ತಾ. ಮುಂದೆ ನಾಸಾದಲ್ಲಿ ಕೆಲಸ ಮಾಡಿದವರು. ತಮಾಷೆ ಅಂದರೆ ಅವರು ಇಂಗ್ಲೆಂಡಿನ ವೂಸ್ಟರ್‌ನ ಶಾಲೆಯಲ್ಲಿ ಇಮ್ರಾನ್ ಖಾನ್ ಜೊತೆ ಓದಿದವರು. ಅಂದರೆ 1992ರಲ್ಲಿ ಇಂಗ್ಲೆಂಡ್ ಬೆರಗಾಗಿ ನೋಡುತ್ತಿದ್ದ ವಿಷಯದ ಮೂಲ ವಿಜ್ಞಾನ 1980ರ ದಶಕದ ಮೊದಲಲ್ಲೇ ಅಚ್ಚಾಗಿತ್ತು. ಕ್ರೀಡಾ ಪುಟ ಓದುವವರು ವಿಜ್ಞಾನದ ಪತ್ರಿಕೆ ಓದುವುದಿಲ್ಲ, ಅಷ್ಟೇ.

ಇದು ಪಾಕಿಸ್ತಾನದಲ್ಲೇ ಯಾಕೆ ಹುಟ್ಟಿತು? ಅಲ್ಲಿನ ಪಿಚ್ಚುಗಳು ವೇಗದ ಬೌಲರಿಗೆ ಏನೂ ಕೊಡುತ್ತಿರಲಿಲ್ಲ. ಹುಲ್ಲಿಲ್ಲದ ಗಟ್ಟಿ ನೆಲ ಚೆಂಡನ್ನು ಮರಳು ಕಾಗದದ ಹಾಗೆ ತಿಂದುಹಾಕುತ್ತಿತ್ತು. ಹೊಸ ಚೆಂಡಿನ ಹೊಳಪು ಹತ್ತು ಹದಿನೈದು ಓವರಿಗೆ ಮಾಯ. ಉಳಿದ ದಿನಪೂರ್ತಿ ಏನು ಮಾಡೋದು? ಆ ಹಳೇ ಚೆಂಡಿನಿಂದಲೇ ಏನಾದರೂ ಹುಡುಕಬೇಕಿತ್ತು. ಹುಡುಕಿದವರಲ್ಲಿ ಹೆಸರು ಬರೋದು ಸರ್ಫ್ರಾಜ್ ನವಾಜ್ ಅವರದು. 1979ರ ಮಾರ್ಚ್‌ನಲ್ಲಿ ಮೆಲ್ಬರ್ನ್‌ನಲ್ಲಿ ಆಸ್ಟ್ರೇಲಿಯಾ 382 ಬೆನ್ನಟ್ಟುತ್ತಾ 3ಕ್ಕೆ 305 ಇತ್ತು. ಸರ್ಫ್ರಾಜ್ 33 ಚೆಂಡಿನಲ್ಲಿ 1 ರನ್ ಕೊಟ್ಟು 7 ವಿಕೆಟ್ ತೆಗೆದರು. 310ಕ್ಕೆ ಆಲೌಟ್. ಅವರು ವಿದ್ಯೆಯನ್ನು ಇಮ್ರಾನ್‌ಗೆ ಕೊಟ್ಟರು, ಇಮ್ರಾನ್ ವಾಸಿಂ ಮತ್ತು ವಕಾರ್‌ಗೆ ದಾಟಿಸಿದರು. ಮನೆಮದ್ದಿನ ಹಾಗೆ ಬಾಯಿಂದ ಬಾಯಿಗೆ.

ಕನ್ನಡಿಗರಿಗೂ ಇದರ ಏಟು ಬಿದ್ದಿದೆ. 1982ರ ಡಿಸೆಂಬರ್, ಕರಾಚಿ ಟೆಸ್ಟ್. ಎರಡನೇ ಇನಿಂಗ್ಸ್‌ನಲ್ಲಿ ಇಮ್ರಾನ್ 25 ಚೆಂಡಿನಲ್ಲಿ 3 ರನ್ ಕೊಟ್ಟು 5 ವಿಕೆಟ್ ಕಿತ್ತರು. ಭದ್ರಾವತಿಯ ಗುಂಡಪ್ಪ ವಿಶ್ವನಾಥ್ ಆಗಷ್ಟೇ ಕ್ರೀಸಿಗೆ ಬಂದಿದ್ದರು. ಆಫ್ ಸ್ಟಂಪಿನಿಂದ ಆಚೆ ಬಂದ ಚೆಂಡು. ಬಿಡಬಹುದಾದ ಚೆಂಡು ಯಾವುದು ಅಂತ ವಿಶಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ ಅಲ್ವಾ? ಬ್ಯಾಟ್ ಎತ್ತಿ ಬಿಟ್ಟರು. ಚೆಂಡು ಒಳಕ್ಕೆ ತಿರುಗಿ ಸ್ಟಂಪಿಗೆ ಬಡಿಯಿತು. ಸೊನ್ನೆ. ಆ ಸರಣಿಯಲ್ಲಿ ಇಮ್ರಾನ್‌ಗೆ 40 ವಿಕೆಟ್. ವಿಶಿಗೆ ಅದೇ ಕೊನೇ ಸರಣಿ.

ಮತ್ತೆ 1992ಕ್ಕೆ. ಲಾರ್ಡ್ಸ್ ಪಂದ್ಯವಾಗಿ ಮೂರು ದಿನಕ್ಕೆ, ಆಗಸ್ಟ್ 26ರಂದು, ಅಲನ್ ಲ್ಯಾಂಬ್ ಡೈಲಿ ಮಿರರ್ ಪತ್ರಿಕೆಯಲ್ಲಿ ಬಾಯಿ ಬಿಟ್ಟರು. ಪಾಕಿಸ್ತಾನದವರು ಚೆಂಡು ಕೆರೆಯುತ್ತಾರೆ, ಈ ಕೆಲಸವನ್ನು ತನಗೆ ಮೊದಲು ತೋರಿಸಿದ್ದೇ ನಾರ್ಥಾಂಪ್ಟನ್‌ಶೈರ್ ಕೌಂಟಿಯಲ್ಲಿ ಜೊತೆಗೆ ಆಡುತ್ತಿದ್ದ ಸರ್ಫ್ರಾಜ್ ಅಂತ. ಅನುಮತಿ ಇಲ್ಲದೆ ಬರೆದದ್ದಕ್ಕೆ ಇಂಗ್ಲೆಂಡಿನ ಕ್ರಿಕೆಟ್ ಮಂಡಳಿ ಲ್ಯಾಂಬ್‌ಗೇ ದಂಡ ಹಾಕಿತು. ಕೌಂಟಿ ತಂಡ ಎರಡು ಪಂದ್ಯ ಹೊರಗಿಟ್ಟಿತು. ಅವರು ಇಂಗ್ಲೆಂಡ್ ಪರ ಮತ್ತೆ ಆಡಲಿಲ್ಲ. ಸರ್ಫ್ರಾಜ್ ಮಾನನಷ್ಟ ಮೊಕದ್ದಮೆ ಹಾಕಿದರು. 1993ರ ನವೆಂಬರ್‌ನಲ್ಲಿ ವಿಚಾರಣೆ ನಡೆಯಿತು. ಚೆಂಡು ಬದಲಾಯಿಸಿದ್ದು ಕೆರೆದ ನಿಯಮದಡಿಯಲ್ಲೇ ಅಂತ ಆಸ್ಲಿಯರ್ ಕೋರ್ಟಿನಲ್ಲಿ ಸಾಕ್ಷಿ ಹೇಳಿದರು. ಅಂದರೆ ಐಸಿಸಿ ಒಂದು ಸಾಲಿನಲ್ಲಿ ಹೇಳಬಹುದಾಗಿದ್ದ ವಿಷಯ ಹದಿನೈದು ತಿಂಗಳಾದ ಮೇಲೆ ಬೇರೆ ಯಾರದೋ ಜಗಳದ ನಡುವೆ ಹೊರಬಂತು. ಸರ್ಫ್ರಾಜ್ ನಡುವೆಯೇ ಕೇಸು ಕೈಬಿಟ್ಟರು. ಅಲ್ಲೂ ತೀರ್ಪಿಲ್ಲ.

ಈಗ ಎರಡೂ ಕಡೆ ತೂಗಿ ನೋಡೋಣ. ಆರೋಪ ಸುಮ್ನೆ ಹುಟ್ಟಿದ್ದಲ್ಲ ಅನ್ನೋದಕ್ಕೆ ಪುರಾವೆ ಇದೆ. ಇಮ್ರಾನ್ ಖಾನ್ ಅವರೇ 1994ರಲ್ಲಿ ಬಂದ ತಮ್ಮ ಜೀವನಚರಿತ್ರೆಯಲ್ಲಿ ಒಪ್ಪಿಕೊಂಡರು: 1981ರಲ್ಲಿ ಸಸೆಕ್ಸ್ ಪರ ಹ್ಯಾಂಪ್‌ಶೈರ್ ವಿರುದ್ಧ ಆಡುವಾಗ ಬಾಟಲಿ ಮುಚ್ಚಳದಿಂದ ಚೆಂಡು ಕೆರೆದಿದ್ದು ನಿಜ ಅಂತ. ಆದರೆ ಅದಕ್ಕಿಂತ ಗಟ್ಟಿ ಪುರಾವೆ ನನಗೆ ಕಾಣೋದು ನ್ಯೂಜಿಲೆಂಡಿನವರ ಕೈಯಲ್ಲಿ. 1990ರ ಪಾಕಿಸ್ತಾನ ಪ್ರವಾಸದಲ್ಲಿ ವಾಸಿಂ, ವಕಾರ್ ಚೆಂಡನ್ನು ಕೆರೆಯುತ್ತಿದ್ದಾರೆ ಅಂತ ಅವರಿಗೆ ಅನುಮಾನ ಬಂತು. ನಾವೂ ಮಾಡೋಣ ಅಂದರು. ಫೈಸಲಾಬಾದ್ ಟೆಸ್ಟ್‌ಗೆ ಕ್ರಿಸ್ ಪ್ರಿಂಗಲ್ ಬಾಟಲಿ ಮುಚ್ಚಳ ಕತ್ತರಿಸಿ, ಚೂಪಾದ ಅಂಚು ಮಾತ್ರ ಹೊರಗಿರುವ ಹಾಗೆ ಟೇಪ್ ಸುತ್ತಿ ಇಟ್ಟುಕೊಂಡರು. ಮೊದಲ ಇನಿಂಗ್ಸ್‌ನಲ್ಲಿ 52 ರನ್ನಿಗೆ 7 ವಿಕೆಟ್, ಪಂದ್ಯದಲ್ಲಿ 11. ಪಾಕಿಸ್ತಾನ 102ಕ್ಕೆ ಆಲೌಟ್. ಇದನ್ನೆಲ್ಲ ಆಮೇಲೆ ಪ್ರಿಂಗಲ್ ತಾವೇ ಹೇಳಿಕೊಂಡರು. 14 ಟೆಸ್ಟ್ ಆಡಿ ಅವರು ತೆಗೆದದ್ದು ಒಟ್ಟು 30 ವಿಕೆಟ್. ಅದರಲ್ಲಿ 11 ಆ ಮುಚ್ಚಳದ ಪಂದ್ಯದ್ದು. ಕೆರೆದರೆ ಏನಾಗುತ್ತೆ ಅನ್ನೋದಕ್ಕೆ ಇದಕ್ಕಿಂತ ಉದಾಹರಣೆ ಬೇಡ.

ಆದರೆ ಅದೇ ಉದಾಹರಣೆಯನ್ನು ಇನ್ನೊಂದು ಕಡೆಯಿಂದ ನೋಡಿ. ಆ ಪಂದ್ಯವನ್ನೂ ನ್ಯೂಜಿಲೆಂಡ್ ಸೋತಿತು. ಮುಚ್ಚಳ ಹಿಡಿದ ಪ್ರಿಂಗಲ್‌ಗೆ ಒಂದು ಪಂದ್ಯ ಸಿಕ್ಕಿತು. ವಾಸಿಂ 414, ವಕಾರ್ 373 ಟೆಸ್ಟ್ ವಿಕೆಟ್ ತೆಗೆದರು. ಇಬ್ಬರ ಅರ್ಧಕ್ಕಿಂತ ಹೆಚ್ಚು ವಿಕೆಟ್ ಬೌಲ್ಡ್ ಅಥವಾ ಎಲ್‌ಬಿಡಬ್ಲ್ಯು. ಅಂದರೆ ಓಡಿಬಂದು, ಪೂರ್ತಿ ವೇಗದಲ್ಲಿ, ಬ್ಯಾಟ್ಸ್‌ಮನ್ನಿನ ಕಾಲ್ಬೆರಳ ತುದಿಗೆ ಗುರಿ ಇಟ್ಟು ಹಾಕಿದ ಚೆಂಡುಗಳು. ಮುಚ್ಚಳ ಚೆಂಡನ್ನು ಒರಟು ಮಾಡಬಹುದು, ಕಾಲಿನ ಬುಡಕ್ಕೇ ಬೀಳುವ ಯಾರ್ಕರ್ ಹಾಕಿಕೊಡುವುದಿಲ್ಲ. ಇನ್ನೊಂದು ಮಾತು. 1991ರಲ್ಲಿ ವಕಾರ್ ಸರ್ರೆ ಕೌಂಟಿಗೆ ಆಡಿ 113 ವಿಕೆಟ್ ತೆಗೆದರು. ನೋಡುತ್ತಾ ನಿಂತವರು ಇಂಗ್ಲೆಂಡಿನ ಅಂಪೈರುಗಳೇ. ವಾಸಿಂ ಲ್ಯಾಂಕಶೈರ್‌ನಲ್ಲಿದ್ದರು. ತಮ್ಮ ಕೌಂಟಿಗೆ ವಿಕೆಟ್ ಬಿದ್ದಾಗ ಅದ್ಭುತ ಅಂದ ಬೌಲಿಂಗ್ ತಮ್ಮ ದೇಶದ ವಿರುದ್ಧ ಬಂದಾಗ ಮಾತ್ರ ಕಳ್ಳಾಟ ಆಯಿತಾ?

ನನ್ನ ತೀರ್ಮಾನ ಇದು. ಆ ಭಾನುವಾರ ಚೆಂಡನ್ನು ಯಾರೋ ಕೆರೆದಿದ್ದರು ಅಂತ ಅಂಪೈರುಗಳಿಗೆ ಅನ್ನಿಸಿದ್ದನ್ನು ನಾನು ತಳ್ಳಿಹಾಕಲ್ಲ. ಅವರು ಎಳೆಯರಲ್ಲ, ಇಬ್ಬರೂ ಟೆಸ್ಟ್ ಆಡಿದವರು. ಆದರೆ "ಈ ಚೆಂಡು ಕೆರೆದಿದೆ" ಅನ್ನೋದು ಒಂದು ಮಾತು, "ಈ ಸ್ವಿಂಗೇ ಮೋಸ" ಅನ್ನೋದು ಇನ್ನೊಂದು. ಮೊದಲನೆಯದು ಒಂದು ಪಂದ್ಯದ ವಿಷಯ. ಅದಕ್ಕೆ ತನಿಖೆ, ದಂಡ, ಬೇಕಾದರೆ ನಿಷೇಧ. ಎರಡನೆಯದು ಇಡೀ ವಿದ್ಯೆಗೆ, ಅದನ್ನು ಕಲಿತ ದೇಶಕ್ಕೆ ಹಚ್ಚಿದ ಮಸಿ. ಐಸಿಸಿ ಬಾಯಿ ಮುಚ್ಚಿಕೊಂಡಿದ್ದರಿಂದ ಎರಡೂ ಕಲಸಿಹೋದವು. ಕೆರೆದವರಿದ್ದರೆ ಅವರು ತಪ್ಪಿಸಿಕೊಂಡರು, ಕೆರೆಯದವರು ಸಿಕ್ಕಿಹಾಕಿಕೊಂಡರು.

ಬೌಲಿಂಗಿನಲ್ಲಿ ಹೊಸದು ಬಂದಾಗಲೆಲ್ಲ ಹೀಗೇ. ಸುಮಾರು 1900ರಲ್ಲಿ ಇಂಗ್ಲೆಂಡಿನ ಬೊಸಾಂಕೆ, ಅಂದುಕೊಂಡದ್ದಕ್ಕೆ ಉಲ್ಟಾ ತಿರುಗುವ ಸ್ಪಿನ್ ಚೆಂಡಾದ ಗೂಗ್ಲಿ ಹಾಕಲು ಶುರುಮಾಡಿದಾಗಲೂ ಇದು ನಿಯಮಕ್ಕೆ ವಿರುದ್ಧ ಅಲ್ವಾ ಅಂತ ಕೇಳಿದವರಿದ್ದರು. ನಿಯಮಕ್ಕೆ ವಿರುದ್ಧ ಅಲ್ಲ, ನೀತಿಗೆಟ್ಟದ್ದು ಅಷ್ಟೇ ಅಂದರಂತೆ ಅವರು. ಅವರಿಗೆ ಆ ತಮಾಷೆ ಮಾಡುವ ಸ್ವಾತಂತ್ರ್ಯ ಇತ್ತು. ವಾಸಿಂ, ವಕಾರ್ ಅದೇ ಮಾತು ಹೇಳಿದ್ದರೆ ಮರುದಿನ ಮಿರರ್‌ನಲ್ಲಿ ಮೊದಲ ಪುಟ.

ಕೆರೆಯೋದು ಪಾಕಿಸ್ತಾನದ ಗುತ್ತಿಗೆ ಆಗಿರಲಿಲ್ಲ ಅಂತ ಗೊತ್ತಾಗೋಕೆ ಹೆಚ್ಚು ದಿನ ಬೇಕಾಗಲಿಲ್ಲ. 1994ರ ಜುಲೈ, ಅದೇ ಲಾರ್ಡ್ಸ್. ಇಂಗ್ಲೆಂಡಿನ ನಾಯಕ ಮೈಕ್ ಅಥರ್ಟನ್ ಜೇಬಿನಿಂದ ಮಣ್ಣು ತೆಗೆದು ಚೆಂಡಿಗೆ ಸವರುವುದು ಟಿವಿಯಲ್ಲಿ ಕಂಡಿತು. 2,000 ಪೌಂಡ್ ದಂಡ. ನಾಯಕತ್ವ ಉಳಿಯಿತು. 1996ರಲ್ಲಿ ಇಯಾನ್ ಬಾಥಂ ಮತ್ತು ಲ್ಯಾಂಬ್ ಇಮ್ರಾನ್ ಮೇಲೆ ಲಂಡನ್ನಿನ ಹೈಕೋರ್ಟಿನಲ್ಲಿ ಮಾನನಷ್ಟದ ಕೇಸು ಹಾಕಿ ಸೋತರು. ಜ್ಯೂರಿಯ ಹತ್ತು ಜನ ಇಮ್ರಾನ್ ಕಡೆ, ಇಬ್ಬರು ಆ ಕಡೆ. ಚೆಂಡಿನ ಜೊತೆ ಸಣ್ಣಪುಟ್ಟ ಕೈಚಳಕ ಎಲ್ಲರೂ ಮಾಡ್ತಾರೆ ಅನ್ನೋ ಮಾತು ಆ ಕೋರ್ಟಿನಲ್ಲಿ ಧಾರಾಳವಾಗಿ ಕೇಳಿಬಂತು. ನಮ್ಮ ಬೆಂಗಳೂರಿನ ರಾಹುಲ್ ದ್ರಾವಿಡ್ ಕೂಡ 2004ರ ಜನವರಿಯಲ್ಲಿ ಬ್ರಿಸ್ಬೇನ್‌ನಲ್ಲಿ ಚೆಂಡಿಗೆ ಕೆಮ್ಮಿನ ಮಾತ್ರೆ ಸವರಿದ್ದಕ್ಕೆ ಅರ್ಧ ಪಂದ್ಯ ಶುಲ್ಕ ದಂಡ ಕಟ್ಟಿದರು. ದ್ರಾವಿಡ್ ಮೋಸಗಾರ ಅಂತ ನಮ್ಮಲ್ಲಿ ಯಾರಾದರೂ ಹೇಳಿದ್ದು ನೆನಪಿದೆಯಾ? ನನಗಿಲ್ಲ. ನಾನೂ ಹೇಳಲಿಲ್ಲ.

2005ರಲ್ಲಿ ಇಂಗ್ಲೆಂಡ್ ಮತ್ತು ಆಸ್ಟ್ರೇಲಿಯಾ ನಡುವಿನ ಆಶಸ್ ಸರಣಿ ಬಂತು. ಆಂಡ್ರ್ಯೂ ಫ್ಲಿಂಟಾಫ್ 24, ಸೈಮನ್ ಜೋನ್ಸ್ 18 ವಿಕೆಟ್. ಓಲ್ಡ್ ಟ್ರಾಫರ್ಡ್‌ನಲ್ಲಿ ಜೋನ್ಸ್ ಹಾಕಿದ ಒಂದು ಚೆಂಡನ್ನು ಮೈಕೆಲ್ ಕ್ಲಾರ್ಕ್ ಬ್ಯಾಟ್ ಎತ್ತಿ ಬಿಟ್ಟರು. ಅದು ಒಳಕ್ಕೆ ತಿರುಗಿ ಸ್ಟಂಪ್ ಹಾರಿಸಿತು. ಕರಾಚಿಯಲ್ಲಿ ವಿಶಿ ಬಿಟ್ಟದ್ದು ಇಂಥದ್ದನ್ನೇ. ಈ ಸಲ ಅದಕ್ಕೆ ಕಲೆ ಅಂತ ಹೆಸರು. ಆ ತಂಡದ ಮಾರ್ಕಸ್ ಟ್ರೆಸ್ಕೋಥಿಕ್ ಮೂರು ವರ್ಷ ಬಿಟ್ಟು ತಮ್ಮ ಆತ್ಮಕಥೆಯಲ್ಲಿ, ಚೆಂಡಿನ ಹೊಳಪು ಉಳಿಯಲಿ ಅಂತ ಬಾಯಲ್ಲಿ ಪೆಪ್ಪರ್‌ಮಿಂಟ್ ಇಟ್ಟುಕೊಂಡು ಎಂಜಲು ಹಚ್ಚುತ್ತಿದ್ದೆ ಅಂತ ಬರೆದರು. ಜನ ನಕ್ಕು ಸುಮ್ಮನಾದರು.

ಪಾಕಿಸ್ತಾನದ ಪಾಲಿಗೆ ಮಾತ್ರ 1992 ಮುಗಿದಿರಲಿಲ್ಲ. 2006ರ ಆಗಸ್ಟ್ 20, ಓವಲ್ ಟೆಸ್ಟ್‌ನ ನಾಲ್ಕನೇ ದಿನ. 56 ಓವರ್ ಆದ ಚೆಂಡನ್ನು ನೋಡಿ ಅಂಪೈರುಗಳಾದ ಡ್ಯಾರೆಲ್ ಹೇರ್ ಮತ್ತು ಬಿಲ್ಲಿ ಡಾಕ್ಟ್ರೋವ್ ಇಂಗ್ಲೆಂಡಿಗೆ 5 ರನ್ ಕೊಟ್ಟು ಚೆಂಡು ಬದಲಾಯಿಸಿದರು. ಈ ಸಲ ಮುಚ್ಚುಮರೆ ಇರಲಿಲ್ಲ, ಎಲ್ಲರ ಎದುರಿಗೇ ನಡೆಯಿತು. ನಾಯಕ ಇಂಜಮಾಮ್ ಉಲ್ ಹಕ್ ಟೀ ಆದ ಮೇಲೆ ತಂಡವನ್ನು ಹೊತ್ತಿಗೆ ಸರಿಯಾಗಿ ಮೈದಾನಕ್ಕೆ ಇಳಿಸಲಿಲ್ಲ. ಅಂಪೈರುಗಳು ಸ್ಟಂಪ್ ಮೇಲಿನ ಬೇಲ್ಸ್ ತೆಗೆದು ಪಂದ್ಯ ಇಂಗ್ಲೆಂಡಿಗೆ ಅಂದರು. ಟೆಸ್ಟ್ ಇತಿಹಾಸದಲ್ಲಿ ಒಂದು ತಂಡ ಹೀಗೆ ಪಂದ್ಯ ಬಿಟ್ಟುಕೊಟ್ಟಂತಾಗಿದ್ದು ಅದೊಂದೇ ಸಲ.

ಸೆಪ್ಟೆಂಬರ್ ಕೊನೆಯಲ್ಲಿ ವಿಚಾರಣೆ ನಡೆಯಿತು. ಐಸಿಸಿಯ ಮ್ಯಾಚ್ ರೆಫ್ರಿ ರಂಜನ್ ಮದುಗಲೆ ಮುಂದೆ ಆ ಚೆಂಡನ್ನೇ ಇಟ್ಟರು. 1992ರಲ್ಲಿ ಆಗದೇ ಇದ್ದದ್ದು ಇಲ್ಲಿ ಆಯಿತು. ಟಿವಿ ಕ್ಯಾಮೆರಾಗಳಲ್ಲಿ ಯಾರೂ ಕೆರೆದದ್ದು ಸಿಕ್ಕಿರಲಿಲ್ಲ. ಚೆಂಡಿನ ಸ್ಥಿತಿ ನೋಡಿ ಕೆರೆದಿದ್ದಾರೆ ಅಂತ ಹೇಳಲು ಬರುವುದಿಲ್ಲ ಅಂತ ಮದುಗಲೆ ತೀರ್ಪು ಕೊಟ್ಟರು. ಆ ಆರೋಪದಿಂದ ಇಂಜಮಾಮ್ ಬಿಡುಗಡೆಯಾದರು. ಮೈದಾನಕ್ಕೆ ಇಳಿಯದಿದ್ದಕ್ಕೆ ಮಾತ್ರ ನಾಲ್ಕು ಒಂದು ದಿನದ ಪಂದ್ಯ ನಿಷೇಧ.

ಪಂದ್ಯದ ಫಲಿತಾಂಶ ಆಮೇಲೂ ನೆಮ್ಮದಿಯಾಗಿ ಕೂರಲಿಲ್ಲ. 2008ರಲ್ಲಿ ಐಸಿಸಿ ಅದನ್ನು ಡ್ರಾ ಅಂತ ತಿದ್ದಿತು. 2009ರಲ್ಲಿ ಮತ್ತೆ ತಿದ್ದಿತು. ಈಗ ದಾಖಲೆ ತೆಗೆದು ನೋಡಿದರೆ ಇಂಗ್ಲೆಂಡಿಗೆ ಗೆಲುವು ಅಂತಲೇ ಇದೆ.